ಒಬ್ಬರೇ ಹೊರುವಂಥ ಮರದ ಕೆನೂ: ತೂಕ ಎಲ್ಲೆಲ್ಲಿ ಸೇರಿಕೊಳ್ಳುತ್ತದೆ?

ಪ್ರಶ್ನೆ: ನನ್ನ ತೂಕ 70 ಕಿಲೋ. ನಿಂತ ನೀರಿನಲ್ಲಿ ಒಬ್ಬನೇ ಹುಟ್ಟು ಹಾಕಿಕೊಂಡು ಹೋಗಿಬರಲು ಸುಮಾರು 3.6 ಮೀಟರ್ ಉದ್ದದ ಮರದ ಕೆನೂ (ಎರಡೂ ತುದಿ ಚೂಪಾದ ಕಿರುದೋಣಿ) ಒಂದನ್ನು ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಹೆಗಲಿಗೇರಿಸಿಕೊಂಡು ಅರ್ಧ ಕಿಲೋಮೀಟರ್ ನಡೆಯುವಂತಿರಬೇಕು. ಪರಿಚಯದವರೊಬ್ಬರು ಇದೇ ಅಳತೆಯದನ್ನು ಮಾಡಿದರು, 22 ಕಿಲೋ ಬಂತು. ಎಲ್ಲಿ ತಪ್ಪಿತು? ತೇಗ ಅಥವಾ ದೇವದಾರು ಆಗುತ್ತದೆಯೆ? ಪಟ್ಟಿ ಜೋಡಿಸಿ ಮಾಡುವುದು ಒಳ್ಳೆಯದೋ, ಪ್ಲೈವುಡ್ಡೋ?

ಉತ್ತರ: ಆ ದೋಣಿಯಲ್ಲಿ ದೊಡ್ಡ ತಪ್ಪೇನೂ ಆಗಿರಲಿಕ್ಕಿಲ್ಲ. ಐದಾರು ಕಡೆ ತೋರಿಸಿದ ಸಣ್ಣ ಸಣ್ಣ ಧಾರಾಳತನ ಕೂಡಿ 22 ಕಿಲೋ ಆಗಿರುತ್ತದೆ. ಲೆಕ್ಕ ಹಾಕಿ ನೋಡಿ. 3.6 ಮೀಟರ್ ಉದ್ದ, 70 ಸೆಂ.ಮೀ. ಅಗಲ, ನಡುವೆ 28 ಸೆಂ.ಮೀ. ಆಳದ ದೋಣಿಯ ಒಡಲಿನ ಹೊರಮೈ ಸುಮಾರು 3.2 ಚದರ ಮೀಟರ್. ಘನ ಮೀಟರಿಗೆ 550 ಕಿಲೋ ತೂಗುವ ಮರವನ್ನು 6 ಮಿ.ಮೀ. ದಪ್ಪಕ್ಕೆ ಹಾಕಿದರೆ ಮರವೇ 10.6 ಕಿಲೋ. ಒಳಗೂ ಹೊರಗೂ ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ (ಗಾಜಿನ ನೂಲಿನದು) 1.3 ಕಿಲೋ. ಬ್ರಷ್ಷಿನಲ್ಲಿ ಬಳಿದು ಬಿಟ್ಟ ಎಪಾಕ್ಸಿ ರಾಳ 5 ಕಿಲೋ. ಬಾಯಂಚಿಗೆ 22×16 ಮಿ.ಮೀ.ನ ಗಟ್ಟಿಮರದ ನಾಲ್ಕು ಪಟ್ಟಿ, ಅದು 3.6 ಕಿಲೋ. ಆಸನ, ಅಡ್ಡಪಟ್ಟಿ, ಮೂತಿಯ ಮುಚ್ಚಿಗೆ ಸೇರಿ 2 ಕಿಲೋ. ಕೂಡಿದರೆ 22.5.

ಈಗ ಅದೇ ದೋಣಿಯನ್ನು ಬಿಗಿ ಕೈಯಲ್ಲಿ ಮಾಡೋಣ. 380 ಕಿಲೋ ಸಾಂದ್ರತೆಯ ಮರ, ಉಜ್ಜಿ ಮುಗಿದ ಮೇಲೆ 5 ಮಿ.ಮೀ. ದಪ್ಪ: 6.1 ಕಿಲೋ. 135 ಗ್ರಾಂನ ಬಟ್ಟೆ ಎರಡೂ ಕಡೆ, ತಳಕ್ಕೆ ಒಂದು ಹೆಚ್ಚುವರಿ ಪದರ ಸೇರಿ: 1 ಕಿಲೋ. ರಾಳ 2.3. ಬಾಯಂಚು 0.9. ಆಸನ, ಅಡ್ಡಪಟ್ಟಿ ಇತ್ಯಾದಿ 0.9. ವಾರ್ನಿಷ್ 0.3. ಒಟ್ಟು 11.5. ಲೆಕ್ಕಕ್ಕೆ ಸಿಗದೆ ನುಸುಳುವುದು ಒಂದು ಕಿಲೋ ಎಂದಿಟ್ಟುಕೊಂಡರೂ 12.5 ಕಿಲೋದಲ್ಲಿ ನಿಲ್ಲುತ್ತದೆ. ಉಳಿತಾಯದ ಐದರಲ್ಲೆರಡು ಪಾಲು ಮರದಲ್ಲಿ, ಅರ್ಧದಷ್ಟು ರಾಳದಲ್ಲಿ ಮತ್ತು ಬಾಯಂಚಿನಲ್ಲಿ. ಹಗುರ ಮರ ತಂದುಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಈ ಎರಡನೇ ಪಾಲಿನಲ್ಲಿ ಸೋಲುತ್ತಾರೆ. ಈ ಪಟ್ಟಿಯನ್ನು ಕೆಲಸದ ಜಾಗದ ಗೋಡೆಗೆ ಅಂಟಿಸಿ, ಒಂದು ಅಡುಗೆ ತಕ್ಕಡಿ ಪಕ್ಕದಲ್ಲಿಟ್ಟುಕೊಂಡು, ಒಳಗೆ ಹೋಗುವ ಪ್ರತಿಯೊಂದನ್ನೂ ತೂಗಿ ಬರೆಯಿರಿ. ದೋಣಿ ಮುಗಿದ ಮೇಲೆ ತೂಕ ಇಳಿಸುವ ದಾರಿ ಇಲ್ಲ.

ಇನ್ನೂ ಹಗುರ ಆಗುವುದಿಲ್ಲವೆ ಎಂದು ಕೇಳಿದರೆ, ಆಗುತ್ತದೆ. ಅಮೆರಿಕದ ಜೆ. ಹೆನ್ರಿ ರಶ್ಟನ್ ಎಂಬ ದೋಣಿಗಾರ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬುವರಿಗೆ ಕಟ್ಟಿಕೊಟ್ಟ, 1883ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಸರೋವರಗಳಲ್ಲಿ ಓಡಾಡಿದ 'ಸೇರಿ ಗ್ಯಾಂಪ್' ಎಂಬ ಕೆನೂ 9 ಅಡಿ ಉದ್ದ, ಹತ್ತೂವರೆ ಪೌಂಡ್, ಅಂದರೆ 5 ಕಿಲೋಗೂ ಕಡಿಮೆ. ಎಪಾಕ್ಸಿ, ಗ್ಲಾಸ್ ಯಾವುದೂ ಇಲ್ಲದ ಕಾಲ ಅದು. ಆದರೆ ಸಿಯರ್ಸ್ ಸಣಕಲು ಮೈಕಟ್ಟಿನವರು, ನೀವು 70 ಕಿಲೋ. ದೋಣಿ ಮುಳುಗಿಸಿಕೊಳ್ಳುವ ನೀರಿನ ತೂಕ ದೋಣಿ, ಮನುಷ್ಯ, ಸಾಮಾನು ಮೂರೂ ಸೇರಿದಷ್ಟು ಇರಲೇಬೇಕು. ನಿಮಗೆ 95 ಕಿಲೋ ಹೊರುವ ಒಡಲು ಬೇಕು. 3.6 ಮೀಟರ್ ಅದಕ್ಕೆ ಸರಿಯಾದ ಉದ್ದ, ಕಡಿಮೆ ಮಾಡಬೇಡಿ.

ಮರದ ವಿಷಯ. ತೇಗ ಬೇಡ. ಅದರ ಸಾಂದ್ರತೆ 650ರ ಆಸುಪಾಸು, ಮೇಲೆ ಎಣ್ಣೆಯಂಶ ಬೇರೆ. ಅಂಟು ಸರಿಯಾಗಿ ಹಿಡಿಯಬೇಕಾದರೆ ಪ್ರತಿ ಸಲ ಒರೆಸಿಕೊಳ್ಳಬೇಕು. ದೇವದಾರಿನಲ್ಲಿ ಒಂದು ಗೊಂದಲವಿದೆ. ದೋಣಿಯ ನಕ್ಷೆಗಳಲ್ಲಿ 'ಸೀಡರ್' ಎಂದಿರುತ್ತದೆ, ನಿಘಂಟು ತೆರೆದರೆ 'ದೇವದಾರು' ಎಂದು ಸಿಗುತ್ತದೆ, ಜನ ಅದನ್ನೇ ತರುತ್ತಾರೆ. ನಕ್ಷೆ ಹೇಳುತ್ತಿರುವುದು ವೆಸ್ಟರ್ನ್ ರೆಡ್ ಸೀಡರ್, ಅಂದರೆ ಥೂಜ ಜಾತಿಯ ಮರ. ಸಸ್ಯಶಾಸ್ತ್ರದ ಪ್ರಕಾರ ಅದು ಸೀಡರೇ ಅಲ್ಲ. ತೂಕ 370ರಿಂದ 380. ಹಿಮಾಲಯದ ದೇವದಾರು ನಿಜವಾದ ಸೀಡರ್, ಆದರೆ ತೂಕ 550ರ ಸುತ್ತ, ಎಣ್ಣೆಯೂ ಜಾಸ್ತಿ. ಹೆಸರು ನಂಬಿ ತಂದರೆ ಒಡಲಿನಲ್ಲೇ ಮೂರು ಕಿಲೋ ಏರಿತು.

ಹಾಗಾಗಿ ಹೆಸರು ಬಿಡಿ, ತೂಗಿ ತನ್ನಿ. ಹಲಗೆಯಿಂದ 100×50×20 ಮಿ.ಮೀ.ನ ತುಂಡು ಕತ್ತರಿಸಿ. ಅದರ ಗಾತ್ರ ನಿಖರವಾಗಿ 100 ಘನ ಸೆಂ.ಮೀ., ಆದ್ದರಿಂದ ಗ್ರಾಂನಲ್ಲಿ ಬಂದ ತೂಕವನ್ನು ಹತ್ತರಿಂದ ಗುಣಿಸಿದರೆ ಸಾಂದ್ರತೆ. 38 ಗ್ರಾಂ ಬಂದರೆ 380. 45ರ ಒಳಗಿನದು ಏನಿದ್ದರೂ ಪರವಾಗಿಲ್ಲ: ಸ್ಪ್ರೂಸ್, ಬಿಳಿ ಸೀಡರ್, ಪೌಲೋನಿಯ. ಪೌಲೋನಿಯ 300ಕ್ಕೂ ಕೆಳಗಿಳಿಯುತ್ತದೆ, ಆದರೆ ತುಂಬ ಮೆತು. ಉಜ್ಜುವಾಗ ಉಪ್ಪುಕಾಗದ ಬೇಗ ಗುಂಡಿ ತೋಡುತ್ತದೆ. ಹಲಗೆ ಒಣಗಿರಲಿ, ತೇವಾಂಶ ಶೇಕಡ 12ರ ಒಳಗೆ. ಎಳೆ ನೇರವಾಗಿರಲಿ. ಗಂಟಿರುವ ಪಟ್ಟಿ ದೋಣಿಯ ತಿರುವಿಗೆ ಬರುವ ಮೊದಲೇ ಲಟಕ್ಕೆನ್ನುತ್ತದೆ.

ಪ್ಲೈವುಡ್ಡೋ ಪಟ್ಟಿಯೋ ಎನ್ನುವುದಕ್ಕೆ ಚಿಕ್ಕ ಉತ್ತರ: ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಸಮಯದಲ್ಲಿ ಬಹಳ ಇದೆ. ಒಕೂಮೆ ಎಂಬ ಹಗುರ ಮರದ 4 ಮಿ.ಮೀ.ನ ಮರೈನ್ ಪ್ಲೈ (ದೋಣಿ ಕೆಲಸದ ಪ್ಲೈವುಡ್) ಚದರ ಮೀಟರಿಗೆ 2 ಕಿಲೋ, ಅಂದರೆ ಒಡಲು ಆರೂವರೆ ಕಿಲೋ. ಪ್ಲೈ ಭಾಗಗಳನ್ನು ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ ತುಂಬಿ ಮಾಡುವ ದೋಣಿ ಕೆಲವು ವಾರಾಂತ್ಯಗಳಲ್ಲಿ ಮುಗಿಯುತ್ತದೆ. ಪಟ್ಟಿಯ ದೋಣಿಗೆ 150ರಿಂದ 250 ಗಂಟೆ ಬೇಕು. ಆದರೆ ಪ್ಲೈ ಒಂದೇ ದಿಕ್ಕಿಗೆ ಬಾಗುತ್ತದೆ, ಆದ್ದರಿಂದ ಒಡಲು ಮೂಲೆಮೂಲೆಯಾಗಿರುತ್ತದೆ. ಪಟ್ಟಿಯಲ್ಲಿ ಬಟ್ಟಲಿನಂಥ ದುಂಡು ಆಕಾರ ಬರುತ್ತದೆ, ಅಷ್ಟೇ ಮೇಲ್ಮೈಗೆ ಬಿಗಿ ಹೆಚ್ಚು. ಪ್ಲೈ ಆರಿಸಿದರೆ ಬಿ.ಎಸ್. 1088 (ಮರೈನ್ ಪ್ಲೈಯ ಬ್ರಿಟಿಷ್ ಮಾನದಂಡ) ದರ್ಜೆಯದನ್ನೇ ತನ್ನಿ. ಸಾಮಾನ್ಯ ಪ್ಲೈಯ ಒಳಪದರದಲ್ಲಿ ಟೊಳ್ಳುಗಳಿರುತ್ತವೆ, ಬಾಗಿಸಿದಾಗ ಅಲ್ಲೇ ಮುರಿಯುತ್ತದೆ. ಮುಂದಿನದೆಲ್ಲ ಪಟ್ಟಿಯ ಕ್ರಮಕ್ಕೆ.

ನಕ್ಷೆಯನ್ನು ಸ್ವಂತ ಕಣ್ಣಳತೆಯಲ್ಲಿ ಬರೆಯಬೇಡಿ. ಹಲವರು ಕಟ್ಟಿ ನೀರಿಗಿಳಿಸಿದ ನಕ್ಷೆ ತೆಗೆದುಕೊಳ್ಳಿ. ಅದು ಕೊಡುವ ರೇಖೆಗಳು ಮರದ ಹೊರಮೈಗೋ ಒಳಮೈಗೋ ಎಂಬುದನ್ನು ಮೊದಲು ನೋಡಿ. ಹೊರಮೈಗಾದರೆ ಪ್ರತಿ ಅಚ್ಚಿನ (ಪಟ್ಟಿಗಳನ್ನು ಮೇಲೆ ಹೊದಿಸಿ ಒಡಲಿಗೆ ಆಕಾರ ಕೊಡುವ ಅಡ್ಡಹಲಗೆ) ಸುತ್ತಲೂ ಪಟ್ಟಿಯ ದಪ್ಪವನ್ನು ಕಳೆದು ಕತ್ತರಿಸಬೇಕು. ಅಚ್ಚುಗಳಿಗೆ 12ರಿಂದ 18 ಮಿ.ಮೀ. ದಪ್ಪದ ಅಗ್ಗದ ಪ್ಲೈ ಸಾಕು. 300 ಮಿ.ಮೀ.ಗೊಂದರಂತೆ ಹನ್ನೊಂದು ಅಚ್ಚು, ಎರಡು ತುದಿಗೆ ಮೂತಿಯ ಅಚ್ಚು ಎರಡು. ಇವೆಲ್ಲ ತಲೆಕೆಳಗಾಗಿ ನಿಲ್ಲುವ ಬೆನ್ನುತೊಲೆ ನೆಟ್ಟಗಿರಬೇಕು. 18 ಮಿ.ಮೀ. ಪ್ಲೈಯಿಂದ ಪೆಟ್ಟಿಗೆಯ ಆಕಾರದಲ್ಲಿ ಮಾಡಿದರೆ ತಿರುಚುವುದಿಲ್ಲ. ನಡುವೆ ನೂಲು ಎಳೆದು ಕಟ್ಟಿ, ಪ್ರತಿ ಅಚ್ಚಿನ ನಡುರೇಖೆ ನೂಲಿಗೆ ಸರಿ ಬರುವಂತೆ, ಮೂಲೆಮಟ್ಟದಲ್ಲಿ ನೋಡಿ, ನಿಲ್ಲಿಸಿ.

ಇಲ್ಲಿ ಬಹಳ ಜನ ಎಡವುವ ವಿಷಯವೊಂದಿದೆ: ಅಚ್ಚಿನ ಜಾಗಕ್ಕೆಂದು ಬೆನ್ನುತೊಲೆಯ ಮೇಲೆ ಎಳೆದ ಗೆರೆಯ ಯಾವ ಬದಿಗೆ ಅಚ್ಚನ್ನು ನಿಲ್ಲಿಸುವುದು? ದೋಣಿ ತುದಿಯತ್ತ ಸಣ್ಣಗಾಗುತ್ತದೆ, ಅಚ್ಚಿನ ಅಂಚು ಚೌಕ. ಪಟ್ಟಿ ಓರೆಯಾಗಿ ಬಂದಾಗ ಅಚ್ಚಿನ ತುದಿಯ ಕಡೆಯ ಅಂಚಿಗೆ ತಾಗುತ್ತದೆ. ಆದ್ದರಿಂದ ತುದಿಯನ್ನು ನೋಡುವ ಮುಖ ಗೆರೆಯ ಮೇಲಿರಬೇಕು, ಅಚ್ಚಿನ ದಪ್ಪವೆಲ್ಲ ದೋಣಿಯ ನಡುವಿನ ಕಡೆಗೆ ಬರಬೇಕು. ಮುಂಭಾಗಕ್ಕೂ ಹಿಂಭಾಗಕ್ಕೂ ಇದೇ ನಿಯಮ. ಉಲ್ಟಾ ನಿಲ್ಲಿಸಿದರೆ ಎರಡೂ ತುದಿ ಉಬ್ಬುತ್ತವೆ, ದೋಣಿ ನೀರನ್ನು ಸೀಳುವ ಬದಲು ತಳ್ಳುತ್ತದೆ. ಅಚ್ಚುಗಳ ಅಂಚಿಗೆ ಪ್ಯಾಕಿಂಗ್ ಟೇಪ್ ಸುತ್ತಿ. ಮರೆತರೆ ಒಡಲು ಅಚ್ಚಿಗೇ ಅಂಟಿ ಕೂರುತ್ತದೆ.

ಅಚ್ಚು ನಿಲ್ಲಿಸಿ ಮುಗಿದ ಮೇಲೆ ತೆಳ್ಳನೆಯ ಉದ್ದ ಪಟ್ಟಿಯೊಂದನ್ನು ಎಲ್ಲ ಅಚ್ಚುಗಳ ಮೇಲೂ ಅಡ್ಡಕ್ಕೂ ಓರೆಗೂ ಹಾಯಿಸಿ ನೋಡಿ. ಎಲ್ಲೋ ಒಂದು ಕಡೆ ಬೆಳಕು ಕಂಡರೆ ಆ ಅಚ್ಚು ಕುಳ್ಳು, ಪಟ್ಟಿ ಡೊಂಕಾದರೆ ಅಚ್ಚು ಎತ್ತರ. ಈ ಹಂತದಲ್ಲಿ ಅರ್ಧ ದಿನ ಕಳೆದರೆ ಉಜ್ಜುವಾಗ ಮೂರು ದಿನ ಉಳಿಯುತ್ತದೆ. ಅಷ್ಟೇ ಅಲ್ಲ, ತಗ್ಗು ದಿಬ್ಬ ಸರಿಮಾಡಲು ಹೋಗಿ ಮರವನ್ನು 3 ಮಿ.ಮೀ.ಗೆ ಇಳಿಸುವ ಅನಾಹುತವೂ ತಪ್ಪುತ್ತದೆ.

ಪಟ್ಟಿ ಸೀಳುವುದಕ್ಕೆ ಮೇಜಿನ ಗರಗಸ, ತೆಳು ಅಲಗು. 19 ಮಿ.ಮೀ. ದಪ್ಪದ ಹಲಗೆಯ ಅಂಚಿನಿಂದ 5.5 ಮಿ.ಮೀ.ನಂತೆ ಸೀಳಿ. ಉಜ್ಜುವಾಗ ಅರ್ಧ ಮಿಲಿಮೀಟರ್ ಹೋಗಿ 5 ಉಳಿಯುತ್ತದೆ. ಅಲಗು ಪ್ರತಿ ಸೀಳಿಗೆ ಸುಮಾರು 2 ಮಿ.ಮೀ. ಮರವನ್ನು ಪುಡಿ ಮಾಡುತ್ತದೆ, ಕಾಲುಭಾಗಕ್ಕಿಂತ ಹೆಚ್ಚು ಮರ ಹೊಟ್ಟಾಗಿ ಹೋಗುತ್ತದೆಂದು ಲೆಕ್ಕ ಹಾಕಿಯೇ ಕೊಳ್ಳಿ. 3.2 ಚದರ ಮೀಟರನ್ನು 18 ಮಿ.ಮೀ. ಅಗಲದ ಪಟ್ಟಿಯಿಂದ ಮುಚ್ಚಲು 178 ಮೀಟರ್, ವ್ಯರ್ಥ ಸೇರಿ 210 ಮೀಟರ್ ಇರಲಿ. 4 ಮೀಟರಿನ ಹಲಗೆ ಸಿಗದಿದ್ದರೆ ಚಿಂತೆ ಬೇಡ, ಎರಡು ತುಂಡಿನ ತುದಿಗಳನ್ನು 1:8ರ ಓರೆಯಲ್ಲಿ ಕೀಸಿ ಅಂಟಿಸಿ. 5 ಮಿ.ಮೀ. ದಪ್ಪಕ್ಕೆ ಓರೆಯ ಉದ್ದ 40 ಮಿ.ಮೀ. ಇಂಥ ಬೆಸುಗೆಗಳು ಅಕ್ಕಪಕ್ಕದ ಪಟ್ಟಿಗಳಲ್ಲಿ ಒಂದೇ ಜಾಗಕ್ಕೆ ಬರದಿರಲಿ.

ಪಟ್ಟಿಯ ಒಂದಂಚು ಉಬ್ಬು, ಇನ್ನೊಂದು ತಗ್ಗು ಮಾಡಿ ಒಂದರೊಳಗೊಂದು ಕೂರಿಸುವ ಕ್ರಮ ಎಲ್ಲೆಡೆ ಹೇಳುತ್ತಾರೆ. 6 ಮಿ.ಮೀ.ಗೆ ಅದು ಸರಿ. 5ಕ್ಕೆ ಇಳಿದಾಗ ತಗ್ಗಿನ ತುಟಿಗಳು ಕಾಗದದಷ್ಟು ತೆಳುವಾಗಿ ಕೈ ತಾಗಿದರೆ ಒಡೆಯುತ್ತವೆ. ಅದಕ್ಕಿಂತ ಚೌಕ ಅಂಚನ್ನೇ ಇಟ್ಟುಕೊಂಡು, ತಿರುವಿರುವ ಕಡೆ ಚಿಕ್ಕ ಹತ್ತರಿಯಿಂದ ಒಂದೆರಡು ಎಳೆತ ಕೀಸಿ ಕೂರಿಸುವುದೇ ಲೇಸು. ನಿಧಾನ ಹೌದು, ಆದರೆ ಬದಿಗಳು ಹೆಚ್ಚುಕಡಿಮೆ ಚಪ್ಪಟೆ. ಕೀಸುವ ಕೆಲಸ ಇರುವುದು ತಳ ಬದಿಗೆ ತಿರುಗುವ ಏಳೆಂಟು ಪಟ್ಟಿಗಳಲ್ಲಿ ಮಾತ್ರ.

ಮೊದಲ ಪಟ್ಟಿ ಬಾಯಂಚಿನಿಂದ ಶುರು. ಎಡಕ್ಕೊಂದು, ಬಲಕ್ಕೊಂದು, ಹೀಗೆ ಸರದಿಯಲ್ಲಿ ಏರಿ. ಒಂದೇ ಕಡೆ ಏರಿಸಿದರೆ ಎಳೆತಕ್ಕೆ ಅಚ್ಚುಗಳು ಓಲುತ್ತವೆ. ಅಂಟು ಸಾಮಾನ್ಯ ಮರದಂಟು ಸಾಕು, ಎರಡೂ ಬದಿ ಗ್ಲಾಸ್ ಮುಚ್ಚುವುದರಿಂದ ನೀರು ಅದನ್ನು ಮುಟ್ಟುವುದಿಲ್ಲ. ಅಚ್ಚಿಗೆ ಪಟ್ಟಿಯನ್ನು 14 ಮಿ.ಮೀ. ಸ್ಟೇಪಲ್‌ನಿಂದ ಹಿಡಿಸಿ. ಸ್ಟೇಪಲ್ ತೂತು ಕಾಣುತ್ತದೆಂದು ಹಗ್ಗ, ಬೆಣೆ, ಕ್ಲ್ಯಾಂಪುಗಳಲ್ಲೇ ಎಲ್ಲವನ್ನೂ ಬಿಗಿಯುವವರಿದ್ದಾರೆ. ದಿನಕ್ಕೆ ನಾಲ್ಕು ಪಟ್ಟಿಗಿಂತ ಮುಂದೆ ಹೋಗುವುದಿಲ್ಲ. ಮೊದಲ ದೋಣಿಗೆ ಆ ಹಟ ಬೇಡ. ತುದಿಯಲ್ಲಿ ಪಟ್ಟಿ ತಿರುಚಲು ಒಪ್ಪದಿದ್ದರೆ ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಸುತ್ತಿಡಿ, ಬಾಗುತ್ತದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ, ಒಳಗೆ ಸೋರಿದ್ದನ್ನೂ ಕೈ ಹಾಕಿ ಒರೆಸಿ. ಒಣಗಿದ ಅಂಟು ಮರಕ್ಕಿಂತ ಗಟ್ಟಿ. ಉಜ್ಜುವಾಗ ಅಂಟು ಉಳಿಯುತ್ತದೆ, ಪಕ್ಕದ ಮರ ಸವೆದು ಹೊಂಡ ಬೀಳುತ್ತದೆ.

ಮೂತಿಯಲ್ಲಿ ಗಟ್ಟಿಮರದ ಬಾಗು ಕಂಬವೊಂದನ್ನು ಒಳಗೊಂದು ಹೊರಗೊಂದು ಕೂರಿಸುವುದು ಹಳೆಯ ಪದ್ಧತಿ. ನಿಮಗೆ ಅದು ಬೇಡ. ಎರಡು ಬದಿಯ ಪಟ್ಟಿಗಳ ತುದಿಯನ್ನು ಓರೆಯಾಗಿ ಕೀಸಿ ಒಂದಕ್ಕೊಂದು ಅಂಟಿಸಿ. ಒಳಗಿನ ಸಂದಿಗೆ ಮರದ ಪುಡಿ ಕಲಸಿದ ಎಪಾಕ್ಸಿ ತುಂಬಿ. ಹೊರಗೆ, ಓರೆಗೆ ಕತ್ತರಿಸಿದ ಗ್ಲಾಸ್ ಪಟ್ಟಿ ಎರಡು ಪದರ. ಓರೆಗೆ ಕತ್ತರಿಸಿದ ಬಟ್ಟೆ ತಿರುವಿನಲ್ಲಿ ಸುಕ್ಕಾಗದೆ ಮಲಗುತ್ತದೆ. ಕೆಲವು ನೂರು ಗ್ರಾಂ ಇಲ್ಲಿ ಉಳಿಯುತ್ತದೆ.

ಒಡಲು ಮುಚ್ಚಿದ ಮೇಲೆ ಸ್ಟೇಪಲ್ ಕಿತ್ತು, ಮೊದಲು ಹತ್ತರಿಯಲ್ಲಿ ಮೂಲೆಗಳನ್ನು ಇಳಿಸಿ, ಬಳಿಕ ಬಾಗುವ ಉದ್ದ ಹಲಗೆಗೆ 80ರ ಉಪ್ಪುಕಾಗದ ಅಂಟಿಸಿ ಓರೆಯಾಗಿ ಉಜ್ಜಿ. ತಿರುಗುವ ಉಜ್ಜುಯಂತ್ರವನ್ನು ಕೊನೆಯಲ್ಲಿ 120ರ ಕಾಗದದಿಂದ ಉಜ್ಜುವಾಗ ಮಾತ್ರ ಮುಟ್ಟಿ. ಈ ಕೆಂಪು ಸೀಡರ್ ಪುಡಿಯಲ್ಲಿರುವ ಪ್ಲಿಕಾಟಿಕ್ ಆಮ್ಲ ಕೆಲವರಿಗೆ ಆಸ್ತಮಾ ತರುತ್ತದೆ. ಬಟ್ಟೆಯ ಮಾಸ್ಕು ಸಾಲದು, ಫಿಲ್ಟರ್ ಇರುವ ಮುಖಗವಸೇ ಬೇಕು. ಉಜ್ಜಿ ಮುಗಿದ ಮೇಲೆ ಬಿಸಿನೀರಿನ ಸ್ಪಂಜಿನಿಂದ ಇಡೀ ಮೈ ಒರೆಸಿ. ನೆಗ್ಗಿದ ಜಾಗಗಳು ಉಬ್ಬಿ ಮೇಲೆ ಬರುತ್ತವೆ. ಒಂದು ದಿನ ಒಣಗಿಸಿ, ಹಗುರವಾಗಿ ಮತ್ತೊಮ್ಮೆ ಉಜ್ಜಿ.

ಇನ್ನು ರಾಳ. ದೋಣಿಯ ತೂಕ ನಿರ್ಧಾರವಾಗುವುದು ಹೊರಮೈಗೊಮ್ಮೆ ಒಳಮೈಗೊಮ್ಮೆ ಅದನ್ನು ಹಾಕುವ ಎರಡು ಮಧ್ಯಾಹ್ನಗಳಲ್ಲಿ.

ಪಾಲಿಯೆಸ್ಟರ್ ರಾಳ ಅಗ್ಗವೆಂದು ತರಬೇಡಿ, ಈ ಮರಗಳಿಗೆ ಅದು ನೆಚ್ಚಿಕೆಯಾಗಿ ಅಂಟುವುದಿಲ್ಲ, ವರ್ಷ ಕಳೆದಂತೆ ಪದರ ಏಳುತ್ತದೆ. ಎಪಾಕ್ಸಿಯೇ ಬೇಕು, ಬಿಸಿ ಹವೆಯಾದರೆ ನಿಧಾನದ ಹಾರ್ಡನರ್ (ರಾಳಕ್ಕೆ ಬೆರೆಸಿ ಗಟ್ಟಿಗೊಳಿಸುವ ದ್ರವ). ಮಿಶ್ರಣದ ಪ್ರಮಾಣ ಡಬ್ಬಿಯ ಮೇಲಿರುವಂತೆಯೇ ಇರಬೇಕು. ಅಳತೆಯಲ್ಲಿ ಒಂದು ಪ್ರಮಾಣ, ತೂಕದಲ್ಲಿ ಇನ್ನೊಂದು ಇರುತ್ತದೆ, ಎರಡನ್ನೂ ಬೆರೆಸಿಕೊಳ್ಳಬೇಡಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕುವುದು ಬಣ್ಣದ ಕೆಲಸದವರ ಅಭ್ಯಾಸ. ಎಪಾಕ್ಸಿಯಲ್ಲಿ ಹೆಚ್ಚಾದ ಹಾರ್ಡನರ್ ಜೋಡಿ ಸಿಗದೆ ಉಳಿದು ಮೈಯೆಲ್ಲ ಮೇಣದಂತೆ ಮೆತ್ತಗಿರುತ್ತದೆ, ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಒಂದು ಸಲಕ್ಕೆ 200 ಗ್ರಾಂಗಿಂತ ಹೆಚ್ಚು ಕಲಸಬೇಡಿ. ಲೋಟದಲ್ಲಿ ಬಿಟ್ಟರೆ ತನ್ನ ಬಿಸಿಯಲ್ಲೇ ಹೊಗೆಯಾಡುತ್ತದೆ. ಎರಡು ನಿಮಿಷ ಮೂಲೆ ತಳ ಕೆರೆದು ಕಲಸಿ, ಕೂಡಲೇ ದೋಣಿಯ ಮೇಲೆ ಸುರಿಯಿರಿ. ತೆಳುವಾಗಿ ಹರಡಿದ್ದು ಬಿಸಿಯೇರುವುದಿಲ್ಲ.

ಸಮಯ ಮಧ್ಯಾಹ್ನ ಕಳೆದ ಮೇಲೆ, ಹವೆ ತಣ್ಣಗಾಗುತ್ತಿರುವ ಹೊತ್ತು. ಬೆಳಗ್ಗೆ ಶುರು ಮಾಡಿದರೆ ಬಿಸಿಲೇರಿದಂತೆ ಮರದ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಹೊರಬಂದು ಹಸಿ ರಾಳದಲ್ಲಿ ಸಾವಿರಾರು ಗುಳ್ಳೆ ಏಳುತ್ತವೆ. ತಣ್ಣಗಾಗುವಾಗ ಅದೇ ಗಾಳಿ ಕುಗ್ಗಿ ರಾಳವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಮೊದಲ ಬಾರಿ ಮಾಡುವವರು ಬಟ್ಟೆ ಹಾಸುವ ಹಿಂದಿನ ದಿನ ಬರಿಯ ಮರಕ್ಕೆ ತೆಳು ರಾಳ ಸವರಿ, ಪ್ಲಾಸ್ಟಿಕ್ ಕೆರೆಪಟ್ಟಿಯಿಂದ ಉಳಿದದ್ದನ್ನೆಲ್ಲ ಎಳೆದು ತೆಗೆಯುವುದು ಕ್ಷೇಮ. ರಂಧ್ರ ಮುಚ್ಚುತ್ತದೆ, ಮರುದಿನ ಮರ ಬಟ್ಟೆಯಿಂದ ರಾಳ ಕದಿಯುವುದಿಲ್ಲ. ಗಟ್ಟಿಯಾದ ಮೇಲೆ ಮೈ ಜಿಡ್ಡೆನಿಸಿದರೆ ಅದು ಹಾರ್ಡನರ್ ಬಿಟ್ಟ ಮೇಣ, ನೀರು ಹಾಕಿ ಒರಟು ಪ್ಯಾಡಿನಿಂದ ತಿಕ್ಕಿ ತೊಳೆದು, ಆಮೇಲೆ ಹಗುರವಾಗಿ ಉಜ್ಜಿ. ತೊಳೆಯದೆ ಉಜ್ಜಿದರೆ ಮೇಣ ಒಳಗೆ ಸೇರಿ ಮುಂದಿನ ಪದರ ಹಿಡಿಯುವುದಿಲ್ಲ.

135 ಗ್ರಾಂನ ಬಟ್ಟೆ, 150 ಸೆಂ.ಮೀ. ಅಗಲದ್ದು 8 ಮೀಟರ್ (ಒಳಗೆ 4, ಹೊರಗೆ 4), ತಳದ ಹೆಚ್ಚುವರಿಗೆ 3 ಮೀಟರ್. ಮೊದಲು ತಳಕ್ಕೆ ಬಾದಾಮಿ ಆಕಾರದ ತುಂಡು, ಅದರ ಮೇಲೆ ಪೂರ್ತಿ ಬಟ್ಟೆ, ಎರಡೂ ಒಣಗಿದ್ದಂತೆಯೇ ಹಾಸಿ ಒಣ ಬ್ರಷ್ಷಿನಿಂದ ಸುಕ್ಕು ತೆಗೆಯಿರಿ. ರಾಳವನ್ನು ನಡುವೆ ಸುರಿದು ಕೆರೆಪಟ್ಟಿಯಲ್ಲಿ ಬದಿಗೆ, ಆಮೇಲೆ ತುದಿಗೆ ಹರಡುತ್ತ ಹೋಗಿ. ಬಟ್ಟೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಇಪ್ಪತ್ತು ನಿಮಿಷದ ಬಳಿಕ ಮೊದಲಿನ ಜಾಗಕ್ಕೆ ಹಿಂದಿರುಗಿ, ಕೆರೆಪಟ್ಟಿಯನ್ನು ಸ್ವಲ್ಪ ಒತ್ತಿ ಎಳೆಯಿರಿ. ಪಟ್ಟಿಗೆ ಬಂದ ನೊರೆ ರಾಳವನ್ನು ಬೇರೆ ಡಬ್ಬಕ್ಕೆ ಒರೆಸಿ ಎಸೆಯಿರಿ. ಅದನ್ನು ಮತ್ತೆ ದೋಣಿಗೆ ಹಾಕುವ ಉಳಿತಾಯ ಬೇಡ, ಅದರ ತುಂಬ ಗಾಳಿ.

ಎಲ್ಲಿಯವರೆಗೆ ಎಳೆಯುವುದು? ಬಟ್ಟೆಯ ಹೆಣಿಗೆ ಕೈಗೆ ತಾಗಬೇಕು, ಮೈ ಮಂದವಾಗಿ ಮಿನುಗಬೇಕು. ಕನ್ನಡಿಯಂತೆ ಹೊಳೆಯುವ ಜಾಗದಲ್ಲಿ ರಾಳ ಜಾಸ್ತಿಯಿದೆ. ಅಲ್ಲಿ ಬಟ್ಟೆ ಮರ ಬಿಟ್ಟು ರಾಳದ ಮೇಲೆ ತೇಲುತ್ತಿರುತ್ತದೆ. ಇದರಿಂದ ಎರಡು ನಷ್ಟ. ತೂಕ ಏರುವುದು ಒಂದು. ತೇಲಿದ ಜಾಗ ಎತ್ತರವಾಗಿರುವುದರಿಂದ ಆಮೇಲೆ ಉಜ್ಜುವಾಗ ಬಟ್ಟೆಯೇ ಸವೆದುಹೋಗುವುದು ಇನ್ನೊಂದು. ಬಿಳಿ ಚುಕ್ಕೆಗಳಿದ್ದರೆ ಅಲ್ಲಿ ರಾಳ ಸಾಲದು, ಇನ್ನೊಂದಿಷ್ಟು ಸವರಿ. ಮಂದ ಮಿನುಗಿಗೂ ಬಿಳಿ ಚುಕ್ಕೆಗೂ ನಡುವಿನ ಅಂತರವನ್ನು ಕಣ್ಣಿಗೆ ಕಲಿಸಿಕೊಳ್ಳಲು ಒಂದು ಹಲಗೆಯ ತುಂಡಿನ ಮೇಲೆ ಮೊದಲೇ ಮಾಡಿ ನೋಡಿ, ತೂಗಿ ನೋಡಿ. ಬಟ್ಟೆಯಷ್ಟೇ ತೂಕದ, ಅಥವಾ ಅದಕ್ಕಿಂತ ತುಸು ಹೆಚ್ಚು ರಾಳ ಒಳಗೆ ಹೋಗಿದ್ದರೆ ಕೈ ಹಿಡಿತ ಸರಿಯಿದೆ. ಎರಡರಷ್ಟಾಗಿದ್ದರೆ ನಿಮ್ಮದೂ 22 ಕಿಲೋ ದೋಣಿಯೇ.

ಹೆಣಿಗೆ ತುಂಬಲು ಹೊರಮೈಗೆ ಇನ್ನೆರಡು ತೆಳು ಪದರ, ಫೋಮ್ ರೋಲರಿನಲ್ಲಿ, ಹಿಂದಿನದು ಬೆರಳಿಗೆ ಅಂಟುವಂತಿರುವಾಗಲೇ. ಆಗ ಪದರಗಳು ರಾಸಾಯನಿಕವಾಗಿ ಬೆಸೆಯುತ್ತವೆ, ನಡುವೆ ಉಜ್ಜಬೇಕಿಲ್ಲ. ಒಂದು ಪದರಕ್ಕೆ ಇಡೀ ದೋಣಿಗೆ 350 ಗ್ರಾಂ ಸಾಕು. ಮೂರನೆಯದು ಬೇಕೆನಿಸುತ್ತದೆ, ಏಕೆಂದರೆ ಬಿಸಿಲಿಗೆ ಓರೆಯಾಗಿ ನೋಡಿದರೆ ಹೆಣಿಗೆಯ ನೆರಳು ಇನ್ನೂ ಕಾಣುತ್ತದೆ. ನೀರಿಗೆ ಅದು ಕಾಣುವುದಿಲ್ಲ.

ಕೈಗವಸು ನೈಟ್ರೈಲ್ ರಬ್ಬರಿನದಿರಲಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ, ಮುಂದೆಂದೂ ಈ ಕೆಲಸ ಮಾಡಲಾಗದು. ಚರ್ಮಕ್ಕೆ ತಾಗಿದ್ದನ್ನು ಥಿನ್ನರಿನಿಂದ ತೊಳೆದರೆ ಅದು ಇನ್ನೂ ಒಳಗೆ ಇಳಿಯುತ್ತದೆ, ಸೋಪು ನೀರು ಬಳಸಿ. ಪೂರ್ತಿ ಗಟ್ಟಿಯಾಗದ ರಾಳವನ್ನು ಉಜ್ಜಿದ ಪುಡಿಯೂ ಇದೇ ಅಪಾಯ ತರುತ್ತದೆ.

ಎರಡು ದಿನ ಬಿಟ್ಟು ಒಡಲನ್ನು ಅಚ್ಚಿನಿಂದ ಎತ್ತಿ. ಈಗದು ಬುಟ್ಟಿಯಂತೆ ಸಡಿಲ, ಬಾಯಿ ಅಗಲಿಸಿಕೊಳ್ಳುತ್ತದೆ. ಬಟ್ಟೆಯ ಎರಡು ಜೋಲಿಯಲ್ಲಿ ಕೂರಿಸಿ, ನಡುವೆ ನಕ್ಷೆಯ ಅಗಲಕ್ಕೆ ಕಡ್ಡಿ ಕಟ್ಟಿ, ಎರಡು ತುದಿಯಲ್ಲಿ ಅಡ್ಡಕ್ಕೆ ಕೋಲಿಟ್ಟು ಒಂದರ ಮೇಲಿಂದ ಒಂದನ್ನು ನೋಡಿ. ಕೋಲುಗಳು ಸಮಾನಾಂತರ ಇಲ್ಲದಿದ್ದರೆ ಒಡಲು ತಿರುಚಿದೆ. ಒಳಗಿನ ಗ್ಲಾಸ್ ಹಾಕಿದ ಮೇಲೆ ಆ ತಿರುಚು ಶಾಶ್ವತ, ದೋಣಿ ಸದಾ ಒಂದೇ ಕಡೆ ಎಳೆಯುತ್ತದೆ.

ತೂಕ ಉಳಿಸಲು ಒಳಗಿನ ಗ್ಲಾಸ್ ಬಿಟ್ಟುಬಿಡೋಣವೆ ಎಂಬ ಯೋಚನೆ ಪ್ರತಿಯೊಬ್ಬರಿಗೂ ಬರುತ್ತದೆ. ಬಿಡಬೇಡಿ. ಕಲ್ಲು ಹೊರಗಿನಿಂದ ಬಡಿದಾಗ ಒಡಲು ಒಳಕ್ಕೆ ಬಾಗುತ್ತದೆ, ಆಗ ಹಿಗ್ಗುವುದು ಒಳಮೈ. ಮರದ ಎಳೆ ಎಲ್ಲ ಉದ್ದಕ್ಕೇ ಇರುವುದರಿಂದ ಅಡ್ಡಕ್ಕೆ ಹಿಡಿದುಕೊಳ್ಳುವುದು ಆ ಒಳಗಿನ ಗ್ಲಾಸ್ ಒಂದೇ. ಅದಿಲ್ಲದಿದ್ದರೆ ಪಟ್ಟಿಗಳ ಸಂದಿಯಲ್ಲೇ ಸೀಳು. ಉಳಿಸಬೇಕಾದರೆ ಹೀಗೆ ಉಳಿಸಿ: ಒಳಗೆ ಹೆಣಿಗೆ ತುಂಬುವ ಪದರ ಹಾಕಬೇಡಿ, ತೇವವಾಗುವಷ್ಟು ರಾಳ ಮತ್ತು ಮೇಲೊಂದು ಅರೆ ಪದರ ಸಾಕು. ಒರಟಾಗಿ ಉಳಿದ ತಳದಲ್ಲಿ ಕಾಲು ಜಾರುವುದೂ ಇಲ್ಲ. ಒಳಗೆ ಕೆಲಸ ಮಾಡುವಾಗ ರಾಳವೆಲ್ಲ ಇಳಿದು ತಳದಲ್ಲಿ ಕೆರೆಯಾಗುತ್ತದೆ, ಅದನ್ನು ಬದಿಗೆ ಎಳೆಯುತ್ತಲೇ ಇರಬೇಕು. ಮೂತಿಯ ಸಂದಿಯವರೆಗೂ ಬಟ್ಟೆ ಎಳೆಯಬೇಡಿ. ಅದು ಸೇತುವೆ ಕಟ್ಟಿದಂತೆ ನಿಂತು ಅಡಿಯಲ್ಲಿ ಗಾಳಿ ಉಳಿಯುತ್ತದೆ. ಒಂದು ಗೇಣು ಮೊದಲೇ ಕತ್ತರಿಸಿ ಬೇರೆ ತುಂಡು ಹಾಕಿ.

ಬಾಯಂಚಿಗೆ ಸ್ಪ್ರೂಸಿನ 16×9 ಮಿ.ಮೀ. ಪಟ್ಟಿ, ಒಳಗೊಂದು ಹೊರಗೊಂದು. ಎಳೆ ನೇರವಿದ್ದರೆ ಈ ಗಾತ್ರ ಸಾಲುತ್ತದೆ, ಏಕೆಂದರೆ ನಡುವೆ ಒಡಲನ್ನು ಸೇರಿಸಿ ಅಂಟಿಸಿದ ಮೇಲೆ ಮೂರೂ ಒಂದೇ ತೊಲೆ. ಸ್ಕ್ರೂ ಬೇಕಿಲ್ಲ, ಮರದ ಪುಡಿ ಕಲಸಿದ ಎಪಾಕ್ಸಿ ಸಾಕು. ಆದರೆ ಪ್ರತಿ 12 ಸೆಂ.ಮೀ.ಗೊಂದು ಕ್ಲ್ಯಾಂಪು ಬೇಕು, ಅಂದರೆ ಒಂದು ಬದಿಗೆ ಮೂವತ್ತು. 90 ಮಿ.ಮೀ.ನ ಪಿ.ವಿ.ಸಿ. ಪೈಪನ್ನು 25 ಮಿ.ಮೀ. ಅಗಲದ ಬಳೆಗಳಾಗಿ ಕೊಯ್ದು, ಪ್ರತಿ ಬಳೆಯನ್ನು ಒಂದು ಕಡೆ ಸೀಳಿ. ಬಿಡಿಸಿ ಹಾಕಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಬಾಯಂಚಿಗೆ ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ.

ವಾರ್ನಿಷ್ ಅಲಂಕಾರಕ್ಕಲ್ಲ. ಬಿಸಿಲಿನ ಅತಿನೇರಳೆ ಕಿರಣ ಎಪಾಕ್ಸಿಯನ್ನು ಹಳದಿಗಟ್ಟಿಸಿ ಪುಡಿಪುಡಿ ಮಾಡುತ್ತದೆ, ಅದನ್ನು ತಡೆಯುವ ವಾರ್ನಿಷ್ ಹೊರಗೂ ಒಳಗೂ ಮೂರು ತೆಳು ಪದರ.

ಎರಡು ತುದಿಗೂ ಗಾಳಿ ಚೀಲವೋ ಫೋಮೋ ಕಟ್ಟಿ. ನೀರು ತುಂಬಿದ ಮರದ ದೋಣಿ ತನ್ನನ್ನು ತಾನು ತೇಲಿಸಿಕೊಳ್ಳುತ್ತದೆ, ನಿಮ್ಮನ್ನಲ್ಲ. ಲೈಫ್ ಜಾಕೆಟ್ ಅಂತೂ ಮೈಮೇಲೇ ಇರಬೇಕು.

ಆಸನವನ್ನು ಕೊನೆಗೆ, ನೀರಿನಲ್ಲೇ ನಿರ್ಧರಿಸಿ. ಎರಡು ಬದಿ ಅಲಗಿನ ಹುಟ್ಟು ಹಾಕುವುದಾದರೆ ತಳದಿಂದ 5ರಿಂದ 8 ಸೆಂ.ಮೀ. ಎತ್ತರದ ಫೋಮ್ ಮೆತ್ತೆ ಸಾಕು. ಎತ್ತರಿಸಿದಷ್ಟೂ ಓಲಾಟ ಹೆಚ್ಚು. ಕಾಲು ಚಾಚಿ ಕೂತಾಗ ಮೈಭಾರದ ಕೇಂದ್ರ ಬೆನ್ನಿಗಿಂತ ಗೇಣಿನಷ್ಟು ಮುಂದಿರುತ್ತದೆ, ಆದ್ದರಿಂದ ಬೆನ್ನೊರಗು ದೋಣಿಯ ನಟ್ಟನಡುವಿನಿಂದ 25ರಿಂದ 30 ಸೆಂ.ಮೀ. ಹಿಂದಕ್ಕೆ ಬರುತ್ತದೆ. ಮೊದಲ ದಿನ ಮೆತ್ತೆಯನ್ನು ಅಂಟಿಸದೆ ಹಾಗೇ ಇಟ್ಟು, ದಡದಲ್ಲಿರುವವರಿಗೆ ಎರಡೂ ತುದಿ ನೀರಿನಿಂದ ಎಷ್ಟೆತ್ತರ ಇದೆ ನೋಡಲು ಹೇಳಿ. ಮುಂದಿನ ಮೂತಿ ತಗ್ಗಿದ್ದರೆ ಗಾಳಿ ಬಂದಾಗ ದೋಣಿ ಗಿರ್ರನೆ ತಿರುಗುತ್ತದೆ. ಸಮನಾಗಿ, ಅಥವಾ ಹಿಂಭಾಗ ಎರಡು ಬೆರಳು ತಗ್ಗಾಗಿ ಕೂರುವಂತೆ ಸರಿಸಿ, ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಬೆನ್ನೊರಗು ತಾಗಿಸುವ ಅಡ್ಡಪಟ್ಟಿಯನ್ನು ಬಾಯಂಚಿಗೆ ಬಿಗಿಯುವ ತೂತು ಕೊರೆಯುವುದು ಆ ಗುರುತಿನ ಮೇಲೆ, ಮನೆಗೆ ಹೊತ್ತು ತಂದ ಬಳಿಕ.